ಕಿಟ್ಟ ಓದಿದ ಸರಸಿಜಮ್ಮ

ಹರೆಯದಲ್ಲಿ ನಾನು ಕಮ್ಮಾರರು ಕಬ್ಬಿಣ ಬಡಿಯುವ ಅಡಿಗಲ್ಲನ್ನು ಹಲ್ಲಲ್ಲಿ ಕಚ್ಚಿ ಎತ್ತಿಕೊಂಡು ಊರಿಗೆ ಮೂರು ಸುತ್ತು ಬರುತ್ತಿದ್ದೆ. ನೋಡಿದವರೆಲ್ಲ ಮಣ್ಣಾದರು. ಆ ಹಲ್ಲುಗಳೂ ಹೋದವು. ಸುಳ್ಳು ಅನ್ನೋರಿದ್ದರೆ ಎದ್ದು ಹೇಳಲಿ. ಇಲ್ಲ ತಾನೆ? ಹಾಗಾದರೆ ಕೇಳಿ.

ಬಹಳ ಹಿಂದೆ ಒಂದೂರಿತ್ತು. ಅದು ಇದೇ ಕಿಟ್ಟದಹಳ್ಳಿ, ಆದರೆ ಕರೆಂಟು ಕಂಬ ಇನ್ನೂ ಗುಡ್ಡ ಹತ್ತಿರಲಿಲ್ಲ. ನಮ್ಮ ಹಿರೀಕರು ಗುಡ್ಡದ ಅದಿರು ಕಾಸಿ ಉಕ್ಕು ತೆಗೆಯುತ್ತಿದ್ದರಂತೆ. ಆ ಉಕ್ಕಿನ ಕುಡುಗೋಲು ಮೂರು ತಲೆಮಾರು ಕಳೆದರೂ ತುಕ್ಕು ಹಿಡಿಯುತ್ತಿರಲಿಲ್ಲವಂತೆ. ಆಮೇಲೆ ಕುಲುಮೆ ಆರಿತು. ಕಾಸುವ ಬಗೆ ಬಲ್ಲವರು ಹೋದರು. ಉಳಿದದ್ದು ಕಿಟ್ಟ ಒಂದೇ, ಉಕ್ಕು ತೆಗೆದ ಮೇಲೆ ಬಿಸಾಡಿದ ಕರಿ ಕಲ್ಲಿನಂಥ ಕಸ.

ಆ ಕಸ ಹುಡುಕಿಕೊಂಡು ಸರಸಿಜಮ್ಮ ಬಂದಳು. ಹದಿನಾರು ಕ್ಲಾಸು ಮುಗಿಸಿಯೂ ಓದು ಸಾಲದೆ, ಲೋಹದ ಮೇಲೆ ಇನ್ನೂ ದೊಡ್ಡ ಓದು ಓದುತ್ತಿದ್ದಳು. ಕೊನೆಗೆ ಒಂದು ಪುಸ್ತಕ ಬರೆದು ದೊಡ್ಡವರ ಮುಂದೆ ಇಡಬೇಕು. ಅವರು ಹೌದು ಅಂದರೆ ಗೆದ್ದ ಹಾಗೆ. ಆಯಮ್ಮ ಗುಡ್ಡದ ಮೇಲೆ ನಡೆದರೆ ಅದಿರಿನ ಪುಡಿ ತಾನಾಗಿ ಹಾರಿ ಸೀರೆಯಂಚಿಗೆ ಅಂಟಿಕೊಳ್ಳುತ್ತಿತ್ತಂತೆ. ಕಬ್ಬಿಣವನ್ನು ಬರಿಗಣ್ಣಲ್ಲಿ ನೋಡಿ ಒಳಗಿನ ಕಣಗಳನ್ನು ಎಣಿಸುತ್ತಿದ್ದಳಂತೆ. ಹಾಗಂತಾರೆ.

ಕೆಂಚವ್ವ ಅಂತ ಒಬ್ಬ ಬಾಯಾಳಿ ಇದ್ದಳು. ‘ಏನವ್ವಾ, ಅಷ್ಟು ಓದಿ ನಮ್ಮ ಕಸ ಆಯೋಕೆ ಬಂದ್ಯಾ?’ ಅಂತ ಕೆಣಕಿದಳು.

‘ಏನು ಮಾಡಲಿ ಅಜ್ಜಿ, ಒಳ್ಳೇದನ್ನೆಲ್ಲ ನಿಮ್ಮ ತಾತ ಮಾರಿಕೊಂಡುಬಿಟ್ಟ’ ಅಂದಳಂತೆ ಆಯಮ್ಮ. ಅವತ್ತಿಂದ ಕೆಂಚವ್ವನ ಮನೆಯಲ್ಲೇ ಊಟ.

ಎರಡು ವರ್ಷ ಅಗೆದಳು. ಯಾವ ಕುಲುಮೆಯ ಕಿಟ್ಟ, ಎಷ್ಟು ಮೊಳ ಆಳದ್ದು, ಎಲ್ಲ ಪುಸ್ತಕದಲ್ಲಿ ಬರೆದಳು. ಒಂದೊಂದು ಕಲ್ಲಿಗೂ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ ಹಾಕಿ ಚಾವಡಿಯಲ್ಲಿ ಜೋಡಿಸಿದಳು. ಮುನ್ನೂರಕ್ಕೂ ಮೇಲೆ. ಇವನ್ನು ಪಟ್ಟಣಕ್ಕೆ ಒಯ್ದು ಕೊಯ್ದು ನೋಡಿದರೆ, ಹಿರೀಕರು ಎಷ್ಟು ಬಿಸಿ ಕೊಟ್ಟರು, ಏನು ಬೆರೆಸಿದರು ಎಲ್ಲ ತಿಳಿಯುತ್ತೆ, ನಿಮ್ಮ ಕುಲುಮೆ ಮತ್ತೆ ಹಚ್ಚಬಹುದು ಅಂದಳಂತೆ. ಮುದುಕರು ಕುಲುಮೆಗೆ ಗಾಳಿ ಊದುವ ಹಳೇ ತಿದಿಯನ್ನು ಅಟ್ಟದಿಂದ ಇಳಿಸಿ, ತೊಗಲಿಗೆ ಎಣ್ಣೆ ಸವರಿ ಕಾದರು.

ಲಾರಿ ಗೊತ್ತುಮಾಡೋಕೆ ಆಯಮ್ಮ ಪೇಟೆಗೆ ಹೋದ ದಿನ, ಊರೆಲ್ಲ ಹೊಲದಲ್ಲಿತ್ತು. ಆಗ ಯಾವನೋ ಒಬ್ಬ ಹರೆಯದವನು ಚಾವಡಿಗೆ ಬಂದ. ಯಾರೂ ನೋಡಲಿಲ್ಲ. ಅವನ ಹೆಸರೂ ಊರಿಗೆ ಗೊತ್ತಿಲ್ಲ. ಅಕ್ಷರ ಬಾರದವನು. ಆಯಮ್ಮನಿಗೆ ಏನಾದರೂ ಮಾಡಬೇಕು ಅಂತ ಅವನಿಗೆ ಎರಡು ವರ್ಷದಿಂದ ಆಸೆ, ಏನು ಮಾಡಬೇಕೋ ತಿಳಿಯದು. ಕಲ್ಲೆಲ್ಲ ಧೂಳು, ಮೇಲೆ ಸುಣ್ಣ ಚೆಲ್ಲಿದ ಹಾಗೆ ಕಲೆ. ಇಷ್ಟು ಕೊಳಕನ್ನು ಪಟ್ಟಣದ ದೊಡ್ಡವರ ಮುಂದೆ ಇಟ್ಟರೆ ಆಯಮ್ಮನ ಮಾನ ಏನಾದೀತು ಅಂದುಕೊಂಡ. ಹುಣಸೆಹಣ್ಣು, ಬೂದಿ ತಂದ. ಹಿತ್ತಾಳೆ ಪಾತ್ರೆ ಬೆಳಗಿದ ಹಾಗೆ ಒಂದೊಂದನ್ನೂ ಬೆಳಗಿದ. ಒಂದರ ಮೇಲೆ ಬಾತುಕೋಳಿ ಕತ್ತಿನಂಥ ಕಲೆ, ಮೂರು ಸಲ ಉಜ್ಜಿದರೂ ಹೋಗಲಿಲ್ಲ, ನಾಲ್ಕನೇ ಸಲಕ್ಕೆ ಹೋಯಿತು. ಎಲ್ಲ ಬಿಸಿಲಿಗಿಟ್ಟು ಹೋದ. ಕಾಗೆಯ ರೆಕ್ಕೆ ಹಾಗೆ ಮಿಂಚುತ್ತಿದ್ದವಂತೆ.

ಆಯಮ್ಮ ಬಂದಳು. ನೋಡಿದಳು. ಬೈಯಲಿಲ್ಲ. ಜಗಲಿ ಮೇಲೆ ಕೂತು ಒಂದೊಂದನ್ನೂ ಮಡಿಲಿಗೆ ತೆಗೆದುಕೊಂಡಳು. ಮೊಳೆಯಿಂದ ತಟ್ಟಿ ಕಿವಿಗಿಟ್ಟಳು, ಮೂಸಿದಳು, ನಾಲಿಗೆ ತಾಗಿಸಿದಳು. ಇದು ಹಳ್ಳದ ದಂಡೆಯದ್ದು, ಇದು ಹುತ್ತದ ಮಗ್ಗುಲದ್ದು ಅಂತ ಹೇಳುತ್ತ ಹೋದಳಂತೆ. ನೂರು ಹೇಳಿದಳು ಅಂತ ಕೆಲವರು. ಎಲ್ಲಾ ಹೇಳಿದಳು ಅಂತ ಕೆಲವರು. ಮೂರನೇ ದಿನ ಕೈಬಿಟ್ಟಳು. ನನ್ನ ನಾಲಿಗೆಗೆ ಗೊತ್ತಾದರೆ ಸಾಲದು ಅಜ್ಜಿ, ಅಂಕಿ ಇಲ್ಲದೆ ಯಾರೂ ಒಪ್ಪೋದಿಲ್ಲ, ಸುಗ್ಗಿ ಮುಗಿಯಲಿ, ಬಂದು ಮೊದಲಿಂದ ಅಗೆಯುತ್ತೇನೆ ಅಂತ ಕೆಂಚವ್ವನಿಗೆ ಹೇಳಿ ಬರಿ ಲಾರಿಯಲ್ಲಿ ಹೋದಳು.

ಸುಗ್ಗಿ ಮುಗಿಯಿತು. ಬರಲಿಲ್ಲ. ಇನ್ನೊಂದು ಸುಗ್ಗಿ ಮುಗಿಯಿತು. ಜ್ವರ ಬಂದು ಹೋದಳು ಅಂತಾರೆ. ಬೇರೆ ದೇಶದಲ್ಲಿ ಕಬ್ಬಿಣದ ಕಾರ್ಖಾನೆಗೆ ಯಜಮಾನಿ ಆದಳು ಅಂತಾರೆ. ತಿದಿಯ ತೊಗಲು ಇಲಿ ತಿಂದವು. ಕಾದವರು ಒಬ್ಬೊಬ್ಬರಾಗಿ ಹೋದರು.

ಇವತ್ತಿಗೂ ನಮ್ಮೂರಲ್ಲಿ ಪಾಯ ತೋಡುವಾಗ, ಹೊಲ ಉಳುವಾಗ ಕಿಟ್ಟ ಸಿಕ್ಕರೆ ಯಾರೂ ಬಿಸಾಡೋದಿಲ್ಲ. ಯಾರ ಹೊಲ, ಎಷ್ಟು ಆಳ ಅಂತ ಅದರ ಮೇಲೆ ಬರೆದು ಇದೇ ಚಾವಡಿ ಜಗಲಿ ಮೇಲೆ ಇಡುತ್ತಾರೆ. ಬರೆಯೋಕೆ ಬಾರದವರು ಬೇರೆಯವರ ಕೈಲಿ ಬರೆಸುತ್ತಾರೆ. ಮಳೆ ಬಂದರೆ ತಮ್ಮ ರಾಗಿ ಬಿಟ್ಟು ಮೊದಲು ಇದಕ್ಕೆ ಗೋಣಿಚೀಲ ಹೊದಿಸುತ್ತಾರೆ. ಆಯಮ್ಮ ಬಂದರೆ ಮತ್ತೆ ಅಗೆಯೋದು ಬೇಡ ಅಂತ.

ಇಷ್ಟು ಹೇಳಿ ಮುಗಿಸಿದೆ. ಕೆಂಚವ್ವನ ಮರಿಮೊಮ್ಮಗಳು ಪುಟ್ಟೀರಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಮುತ್ತಜ್ಜಿಯ ಬಾಯೇ ಅವಳಿಗೂ ಬಂದಿದೆ.

‘ತಾತಾ, ಅವನನ್ನ ಯಾರೂ ನೋಡಲಿಲ್ಲ ಅಂದೆ. ಬಾತುಕೋಳಿ ಕತ್ತನ್ನ ಎಷ್ಟು ಸಲ ಉಜ್ಜಿದ ಅಂತ ನಿಂಗೆ ಹೆಂಗೆ ಗೊತ್ತು?’

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಭುಜ ಹಾರಿಸಿದೆ.

‘ಹುಣಸೆಹಣ್ಣು ಹಳೇದಿರಬೇಕು’ ಅಂದೆ.