ಕೂಗದ ಕೌಜುಗ

"ನಿನ್ನ ಕೂಗು ಕೇಳಿ ಬಂದೆ ಕಣಯ್ಯಾ. ಹಾಗಂತ ದೇವರನ್ನ ಬಿಟ್ಟುಬಿಡಬೇಡ," ಅಂತ ಹೆಂಡತಿ ಬಲೆಯೊಳಗಿಂದ ಹೇಳಿದಳು. ಪಂಜರದಲ್ಲಿದ್ದ ಗಂಡು ಕೌಜುಗ ಉತ್ತರ ಕೊಡುವಷ್ಟರಲ್ಲಿ ಬೇಟೆಗಾರ ಅವಳ ಕತ್ತು ತಿರುವಿ ಚೀಲಕ್ಕೆ ಹಾಕಿಕೊಂಡಿದ್ದ.

ಹೊತ್ತು ಮೂಡುವಾಗ ಗಟ್ಟಿಯಾಗಿ ಕೂಗಿ ದೇವರನ್ನು ನೆನೆಯುವುದು ಕೌಜುಗಗಳ ಕುಲಪದ್ಧತಿ. ಪಂಜರಕ್ಕೆ ಬಿದ್ದ ಮೇಲೂ ಅವನು ಅದನ್ನು ತಪ್ಪಿಸಿರಲಿಲ್ಲ. ಆ ಕೂಗು ಕೇಳಿ ಬರುವ ಬಂಧುಬಳಗಕ್ಕೆಂದೇ ಪಂಜರದ ಸುತ್ತ ಬಲೆ ಹರಡಿದ್ದಾರೆ ಅಂತ ತಿಳಿದದ್ದು ಹೆಂಡತಿ ಸಿಕ್ಕಿಬಿದ್ದಾಗಲೇ.

ಸಂಜೆ ಬೇಟೆನಾಯಿ ಪಂಜರದ ಪಕ್ಕ ಬಂದು ಕೂತಿತು. "ನಾಳೆಯೂ ಕೂಗು ಮಾರಾಯ. ಕೂಗಿದರೆ ನವಣೆ ಕಾಳು, ಕೂಗದಿದ್ದರೆ ಕಾಯಿಸಿದ ಕಂಬಿ. ನಮ್ಮ ಯಜಮಾನರ ಪದ್ಧತಿ ಅದು."

"ಕೂಗುವುದಿಲ್ಲ."

"ಇಷ್ಟೇನಾ ನಿನ್ನ ಭಕ್ತಿ? ಹೆಂಡತಿ ಹೋದಳು ಅಂತ ದೇವರ ಮೇಲೆ ಮುನಿಸೇ?"

ಕೌಜುಗ ಹೇಳಿದ: "ಕೂಗಿದರೆ ಮಾತ್ರ ಕೇಳಿಸಿಕೊಳ್ಳುವ ದೇವರಾಗಿದ್ದರೆ, ಇವತ್ತು ಅವಳು ಕೂಗಿದ್ದು ಕೇಳಿಸಬೇಕಿತ್ತು."

ನಾಯಿ ನಕ್ಕಿತು. "ಅಂದಮೇಲೆ ದೇವರೇ ಇಲ್ಲ ಅಂತಾಯ್ತು."

"ಇರಲಿಕ್ಕಿಲ್ಲ. ಆದರೆ ಅದನ್ನ ನಿನ್ನ ಬಾಯಿಂದ ಕೇಳಿ ನಾನು ನಂಬುವವನಲ್ಲ."

ಮರುದಿನ ಹೊತ್ತು ಮೂಡಿತು. ದೂರದ ಪೊದೆಗಳಲ್ಲಿ ಬಳಗವೆಲ್ಲ ಅವನ ಕೂಗಿಗೆ ಕಿವಿಗೊಟ್ಟು ಕೂತಿತ್ತು. ಬೇಟೆಗಾರ ಸ್ವಲ್ಪ ಹೊತ್ತು ಕಾದು ನೋಡಿ, ಕಾಯಿಸಿದ ಕಂಬಿಯನ್ನು ಪಂಜರದ ಸಂದಿಯಲ್ಲಿ ತೂರಿಸಿದ. ರೆಕ್ಕೆ ಸುಟ್ಟ ವಾಸನೆ ಬಂತು. ಕೌಜುಗ ಮೂಡಲಿಗೆ ಮುಖಮಾಡಿ, ಕೊಕ್ಕು ಬಿಗಿಯಾಗಿ ಮುಚ್ಚಿಕೊಂಡು, ತಲೆ ಬಗ್ಗಿಸಿ ನಿಂತ.