ಗೋಡೆಯಾಚೆಯ ನೂಲು

"ಬುದ್ಧೀ, ಊರಲ್ಲಿ ರೋಗ ಅಂತ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುವವರು ಮಠಕ್ಕೆ ಬರುತ್ತಿಲ್ಲ. ಮುತ್ತುಗದ ಎಲೆ ಕೊಡಿ, ಮನೆಯಲ್ಲೇ ಹಚ್ಚಿ ಕಳಿಸುತ್ತೇವೆ ಅನ್ನುತ್ತಾರೆ. ಕಣ್ಣೆದುರಿಗೆ ಇಲ್ಲದವರನ್ನು ನಂಬುವುದು ಹೇಗೆ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ನಂಜಯ್ಯ. ಬೀಗದ ಕೈ ಅವನ ಸೊಂಟ ಬಿಟ್ಟದ್ದನ್ನು ಕಂಡವರಿಲ್ಲ. ಮಾತು ಮುಗಿಸಿ ಹೆಗಲ ಮೇಲಿನ ವಲ್ಲಿಯೊಳಗೆ ಕೆಮ್ಮಿದ.

"ನಂಬಬೇಡ ಬಿಡು, ಕತೆ ಕೇಳು" ಎಂದರು ಸ್ವಾಮಿಗಳು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಮಹಾ ಸಂಶಯದ ಪ್ರಾಣಿ. ಹೆಂಡತಿ ಕೊಟ್ಟ ಮಜ್ಜಿಗೆಯನ್ನೂ ಮೂಸಿಯೇ ಕುಡಿಯುವವನು. ಅವನ ಕೈಕೆಳಗೆ ನೂಲಿಗೆ ಬಣ್ಣ ಹಾಕುವವನೊಬ್ಬ, ನೇಯುವವನೊಬ್ಬ. ಇಬ್ಬರದೂ ಅಕ್ಕಪಕ್ಕದ ಮನೆ, ನಡುವೆ ಎದೆಯೆತ್ತರದ ಗೋಡೆ. ಆದರೂ ಬಣ್ಣದ ನೂಲು ನೇರವಾಗಿ ನೇಕಾರನಿಗೆ ಹೋಗಕೂಡದು. ಊರ ಆ ತುದಿಯ ವ್ಯಾಪಾರಿಯ ಮನೆಗೆ ಬರಬೇಕು, ಅವನೇ ತೂಗಬೇಕು, ಆಮೇಲೆ ಅದೇ ಬೀದಿಗೆ ವಾಪಸು ಹೋಗಬೇಕು. "ಇಬ್ಬರೂ ಒಂದಾದರೆ ನನ್ನನ್ನು ನುಂಗಿ ನೀರು ಕುಡಿಯುತ್ತಾರೆ" ಎನ್ನುತ್ತಿದ್ದ.

ಒಂದು ವರ್ಷ ಮದುವೆ ಕಾಲಕ್ಕೆ ಸರಿಯಾಗಿ ಊರಿಗೆ ಬೇನೆ ಬಂತು. ವ್ಯಾಪಾರಿಯೇ ಹಾಸಿಗೆ ಹಿಡಿದ. ಅವನ ಮನೆಗೆ ಯಾರೂ ಹೋಗುವಂತಿಲ್ಲ, ಬರುವಂತಿಲ್ಲ. ಬಣ್ಣದವನ ಜಗುಲಿಯಲ್ಲಿ ನೂಲು ಒಣಗಿ ಕೂತಿತು. ಗೋಡೆಯ ಈಚೆ ಮಗ್ಗ ಬರಿದು, ನೇಕಾರನ ಒಲೆಯೂ ತಣ್ಣಗೆ.

ನೇಕಾರ ವ್ಯಾಪಾರಿಯ ಅಂಗಳದಾಚೆ ನಿಂತು ಕೂಗಿದ. "ಧಣೀ, ಗೋಡೆ ಮೇಲಿಂದಲೇ ನೂಲು ಈಸಿಕೊಳ್ಳಲೇ? ಮಕ್ಕಳು ಉಪವಾಸ ಇವೆ."

ಕಿಟಕಿಯೊಳಗಿಂದ ಸೋತ ದನಿ ಬಂತು. "ನಾನು ಮಲಗಿದ್ದೇನೆ ಅಂತ ತಾನೇ ಈ ಆಟ? ನಾನೆದ್ದು ತೂಗುವ ತನಕ ಒಂದೆಳೆ ಕದಲಿದರೆ ಜೋಕೆ!"

ಕದಲಲಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಸೀರೆ ವ್ಯಾಪಾರಿ ಇದ್ದ, ಅವನೂ ಬೇನೆ ಬಂದು ಮಲಗಿದ್ದ. ಆದರೆ ಅವನು ತನ್ನ ಕೆಲಸದವರನ್ನು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಲು ಬಿಟ್ಟಿದ್ದ. ಅವನ ಸೀರೆ ನಿಲ್ಲಲಿಲ್ಲ. ಹಸಿದ ನೇಕಾರ ಅವನ ಕೆಲಸಕ್ಕೆ ಸೇರಿದ, ಬಣ್ಣದವನೂ ಸೇರಿದ.

ನಮ್ಮ ವ್ಯಾಪಾರಿ ಎದ್ದು ಬರುವಷ್ಟರಲ್ಲಿ ಮದುವೆ ಕಾಲ ಮುಗಿದಿತ್ತು. ಬಣ್ಣದವನ ಜಗುಲಿಯ ಮೇಲೆ ನೂಲಿನ ಮೂಟೆ ಕಟ್ಟಿಟ್ಟ ಹಾಗೇ ಇತ್ತು. ತೂಗಿದ. ಒಂದೆಳೆ ಕಡಿಮೆಯಿಲ್ಲ. ಗೋಡೆಯಾಚೆ ಮಗ್ಗ ಸದ್ದು ಮಾಡುತ್ತಿತ್ತು, ಇನ್ನೊಬ್ಬನ ಸೀರೆಗೆ. ಪಾಪ, ತಕ್ಕಡಿ ಹಿಡಿದುಕೊಂಡೇ ಅತ್ತುಬಿಟ್ಟ.

"ಎಂಥ ಹುಂಬ, ಬುದ್ಧೀ!" ಎಂದ ನಂಜಯ್ಯ. "ತಾನೊಬ್ಬ ಮಲಗಿದರೆ ಎಲ್ಲವೂ ನಿಲ್ಲುವ ಹಾಗೆ ಯಾರಾದರೂ ಮಾಡಿಕೊಳ್ಳುತ್ತಾರೆಯೇ?" ಮತ್ತೆ ಕೆಮ್ಮು ಬಂತು.

ಸ್ವಾಮಿಗಳು ಅವನ ಸೊಂಟದತ್ತ ನೋಡಿದರು.

"ನಿನ್ನೆಯಿಂದ ಕೆಮ್ಮುತ್ತಿದ್ದೀಯ ನಂಜಯ್ಯ, ಆ ಬೀಗದ ಕೈ ಯಾರಿಗೆ ಕೊಡುತ್ತೀಯ?"