ಪೀಪಾಯಿಗೆ ಬಂದ ಮೊಟ್ಟೆಯ ಬಿಳಿ

ಫ್ರಾನ್ಸಿನ ಪುಟ್ಟದೊಂದು ದ್ರಾಕ್ಷಿ ಸೀಮೆಯಲ್ಲಿ ಹಳೇ ಎಸ್ಟೇಟೊಂದಿತ್ತು. ಅಲ್ಲಿನ ಪೀಪಾಯಿಯೊಂದರಲ್ಲಿದ್ದ ಕೆಂಪು ವೈನಿಗೆ ನಿಂತಲ್ಲಿ ನಿಲ್ಲಲಾಗದ ಚಡಪಡಿಕೆ. ವರ್ಷ ಕಳೆದರೂ ಮೈಯೊಳಗಿನ ಬಗ್ಗಡ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಎಸ್ಟೇಟಿನ ಒಡತಿ ಒದೀಲ್ ನಾಲ್ಕು ಮೊಟ್ಟೆ ಒಡೆದು, ಬಿಳಿಯನ್ನಷ್ಟೇ ಕಡೆದು ಪೀಪಾಯಿಗೆ ಸುರಿದಳು.

"ನನ್ನ ವಂಶವೆಲ್ಲಿ, ನಿನ್ನ ಕೋಳಿಗೂಡೆಲ್ಲಿ? ಇಲ್ಲಿ ನಿನಗೇನು ಕೆಲಸ?" ಎಂದು ವೈನು ಸಿಡುಕಿತು.

"ಉಳಿಯಲು ಬಂದವನಲ್ಲ ಸ್ವಾಮಿ. ನಿಮ್ಮ ಬಗ್ಗಡವನ್ನು ತಬ್ಬಿಕೊಂಡು ತಳಕ್ಕೆ ಇಳಿದುಬಿಡುತ್ತೇನೆ," ಎಂದಿತು ಮೊಟ್ಟೆಯ ಬಿಳಿ.

ಹೇಳಿದಂತೆಯೇ ಇಳಿಯಿತು. ತಿಂಗಳು ಕಳೆದ ಮೇಲೆ ಒದೀಲ್ ತಿಳಿ ವೈನನ್ನು ಬೇರೆ ಪೀಪಾಯಿಗೆ ಬಸಿದು, ಮೊಟ್ಟೆಯ ಬಿಳಿಯೂ ಸೇರಿದ್ದ ತಳದ ಗಸಿಯನ್ನು ಚರಂಡಿಗೆ ಚೆಲ್ಲಿದಳು. ವೈನು ಮಾಣಿಕ್ಯದಂತೆ ಹೊಳೆಯಿತು.

ಪಕ್ಕದ ಪೀಪಾಯಿಯಲ್ಲಿ ಇನ್ನೂ ಬಗ್ಗಡವಾಗಿದ್ದ ವೈನು ಆಸೆಯಿಂದ ಕೇಳಿತು: "ಅಣ್ಣಾ, ಇಷ್ಟು ತಿಳಿಯಾಗಿದ್ದು ಹೇಗೆ?"

"ಹೇಗೆ ಅಂದರೆ? ನಾನು ಬೆಳೆದ ಗುಡ್ಡವೇ ಅಂಥದ್ದು. ಹುಟ್ಟಿದಾಗಿನಿಂದ ನಾನು ಹೀಗೇ."

ಮಾತು ಮುಗಿಯುವ ಮೊದಲೇ ಅದರ ಒಳಗೆಲ್ಲೋ ಏನೋ ಕದಡಿತು. ವೈನು ಗಾಬರಿಯಿಂದ ತಳದತ್ತ ನೋಡಿತು. ಈ ಹೊಸ ಬಗ್ಗಡವನ್ನು ತಬ್ಬಿಕೊಂಡು ಇಳಿಯಲು ಈಗ ಅಲ್ಲಿ ಯಾರೂ ಇರಲಿಲ್ಲ.